ಟೈಮ್ ಹುಚ್ಚಿನವರಿಗೆ ಎಚ್‌ಎಂಟಿ ಜನತಾ ಆಗುತ್ತಾ?

ಮೊದಲೇ ಹೇಳಿಬಿಡುತ್ತೇನೆ, ಎಚ್‌ಎಂಟಿ ಜನತಾ ವಾಚಿನ ಈ ರಿವ್ಯೂ ಎಲ್ಲರಿಗೂ ಅಲ್ಲ. ಬಸ್ಸು ಹೊರಡುವ ಅರ್ಧ ಗಂಟೆ ಮೊದಲೇ ಸ್ಟ್ಯಾಂಡಿನಲ್ಲಿ ನಿಂತಿರುವವರಿಗೆ. ಆರತಕ್ಷತೆ ಆರೂವರೆಗೆ ಅಂತ ಕಾರ್ಡಿನಲ್ಲಿದ್ದರೆ ಆರೂವರೆಗೇ ಹೋಗಿ, ಖಾಲಿ ಛತ್ರದಲ್ಲಿ ಲೈಟು ಕಟ್ಟುವ ಹುಡುಗರ ಜೊತೆ ಕೂರುವವರಿಗೆ. ಆರಕ್ಕೆ ಬರ್ತೀನಿ ಅಂದವರು ಆರೂ ಐದಕ್ಕೆ ಬಂದರೆ ಆ ಐದು ನಿಮಿಷವನ್ನು ಮನಸ್ಸಿನಲ್ಲೇ ಲೆಕ್ಕ ಬರೆದಿಟ್ಟುಕೊಳ್ಳುವವರಿಗೆ. ನಮ್ಮ ಮನೆಯಲ್ಲಿ ನನ್ನನ್ನು ಕರೆಯುವುದೇ ಟೈಮ್‌ಟೇಬಲ್ ಅಂತ. ಅಮ್ಮನದು ಬೇರೆ ಥರದ ಹುಚ್ಚು. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ, ಆ ಹೊತ್ತಿನಲ್ಲಿ ಹೊಸ ವಾಚಿನ ಡಬ್ಬಿ ಕೂಡ ತೆಗೆಯಬಾರದು. ರಾಹುಕಾಲ ಮುಗಿಯಿತಾ ಅಂತ ಕೇಳುವುದು ಮಾತ್ರ ನನ್ನನ್ನೇ.

ಇಂಥ ಮನೆಗೆ ಬಂದದ್ದು ಕೀ ಕೊಡುವ ಹಳೇ ಎಚ್‌ಎಂಟಿ ಜನತಾ. ತುಮಕೂರಿನವರಿಗೆ ಎಚ್‌ಎಂಟಿ ಬಗ್ಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದರು, ಆಮೇಲೆ ನಮ್ಮೂರಿಗೂ ಕಾರ್ಖಾನೆ ಬಂತು. 2016ರಲ್ಲಿ ಕೇಂದ್ರ ಸರ್ಕಾರ ವಾಚು ಕಂಪನಿಯನ್ನೇ ಮುಚ್ಚಲು ತೀರ್ಮಾನ ಮಾಡಿತು. ನಮ್ಮೂರ ಕಾರ್ಖಾನೆ ಜಾಗ ಈಗ ಇಸ್ರೋದ್ದು. ಆದರೂ ಇಲ್ಲಿ ಬೀರು ತಡಕಿದರೆ ಒಂದಲ್ಲ ಒಂದು ಎಚ್‌ಎಂಟಿ ಸಿಗುವ ಮನೆಗಳು ಬೇಕಾದಷ್ಟಿವೆ.

ಇನ್ನು ವಾಚಿನ ವಿಷಯ. ಹದಿನೇಳು ಜುವೆಲ್ (ಒಳಗಿನ ಚಕ್ರಗಳು ಸವೆಯದಂತೆ ಕೂರಿಸಿದ ಪುಟ್ಟ ಹರಳುಗಳು), ಬ್ಯಾಟರಿ ಇಲ್ಲ, ತಾರೀಖು ಇಲ್ಲ. ಈಗಿನ ವಾಚುಗಳ ಮುಂದೆ ಚಿಕ್ಕದು, ಆದರೆ ಸಣ್ಣ ಮಣಿಕಟ್ಟಿನವರಿಗೆ ಚೆನ್ನಾಗಿ ಕಾಣುತ್ತದೆ. ಒಳಗಿನ ಚಕ್ರ ಗಂಟೆಗೆ 18,000 ಸಲ ಹೊಡೆಯುತ್ತದೆ, ಅಂದರೆ ಸೆಕೆಂಡಿಗೆ ಐದು. ಅದಕ್ಕೇ ಸೆಕೆಂಡು ಮುಳ್ಳು ಬ್ಯಾಟರಿ ವಾಚಿನ ಥರ ನಿಂತು ನಿಂತು ಹಾರುವುದಿಲ್ಲ, ನುಣ್ಣಗೆ ಜಾರಿಕೊಂಡು ಹೋಗುತ್ತದೆ. ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ನಮ್ಮಂಥವರಿಗೆ ಇದು ಸ್ವಲ್ಪ ಅಪಾಯವೇ.

ಆದರೆ ಟೈಮ್? ಹೇಳಿದರೆ ಬೇಜಾರಾಗುತ್ತೆ. ಸರ್ವಿಸ್ ಮಾಡಿಸಿದ ಮೇಲೂ ದಿನಕ್ಕೆ ಇಪ್ಪತ್ತು ಸೆಕೆಂಡು ಹಿಂದೆ ಬೀಳುತ್ತದೆ. ದಿನಕ್ಕೆ 86,400 ಸೆಕೆಂಡು, ಅದರಲ್ಲಿ ಇಪ್ಪತ್ತು ಅಂದರೆ ಬರೀ ಮುಳ್ಳು, ಚಕ್ರ, ಸ್ಪ್ರಿಂಗಿನಿಂದ ಓಡುವ ಯಂತ್ರಕ್ಕೆ ಶಭಾಷ್ ಅನ್ನಬೇಕು, ಒಪ್ಪುತ್ತೇನೆ. ಆದರೆ ಸಾಧಾರಣ ಬ್ಯಾಟರಿ ವಾಚು ಇಡೀ ತಿಂಗಳಿಗೂ ಅಷ್ಟು ತಪ್ಪುವುದಿಲ್ಲ. ಇನ್ನೊಂದು ಸಂಕಟ ಇದೆ. ನನ್ನ ವಾಚಿನಲ್ಲಿ ಕೀ ಹೊರಗೆ ಎಳೆದರೂ ಸೆಕೆಂಡು ಮುಳ್ಳು ನಿಲ್ಲುವುದಿಲ್ಲ. ಗಂಟೆ, ನಿಮಿಷ ತಿರುಗಿಸಬಹುದು, ಸೆಕೆಂಡು ಮಾತ್ರ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಫೋನು ಪಕ್ಕದಲ್ಲಿಟ್ಟುಕೊಂಡು ಸೆಕೆಂಡಿಗೆ ಸೆಕೆಂಡು ಕೂಡಿಸೋಣ ಅಂತ ಕೂತರೆ ನಿಮ್ಮ ಬೆಳಗಿನ ಕಾಫಿ ಆರಿಹೋಗುತ್ತದೆ.

ಎಂ.ಜಿ. ರಸ್ತೆ ಕಡೆಯ ಒಬ್ಬ ವಯಸ್ಸಾದ ರಿಪೇರಿಯವರ ಹತ್ತಿರ ಇದನ್ನೇ ಹೇಳಿಕೊಂಡೆ. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ, "ಇಪ್ಪತ್ತು ಸೆಕೆಂಡಿಗೆ ಯಾವ ಬಸ್ಸು ತಪ್ಪೋಯ್ತು ಸಾಮಿ?" ಅಂದರು. ನಗು ಬಂತು, ಉತ್ತರ ಬರಲಿಲ್ಲ. ಆಮೇಲೆ ಅವರು ಹೇಳಿಕೊಟ್ಟದ್ದು ದುಡ್ಡು ಕೊಟ್ಟರೂ ಸಿಗದ ಮಾತು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ, ಸ್ಪ್ರಿಂಗಿನ ಬಿಗಿ ಒಂದೇ ಥರ ಇದ್ದರೆ ವಾಚು ಹಿಂದೆ ಮುಂದೆ ಹೋಗುವುದೂ ಒಂದೇ ಥರ ಇರುತ್ತದೆ. ಬಿಗಿ ಅನ್ನಿಸಿದ ಕೂಡಲೇ ನಿಲ್ಲಿಸಿ. ರಾತ್ರಿ ಮುಖ ಮೇಲೆ ಮಾಡಿ ಮಲಗಿಸಿದರೆ ಒಂದು ಲೆಕ್ಕ, ಪಕ್ಕಕ್ಕೆ ಒರಗಿಸಿ ಇಟ್ಟರೆ ಇನ್ನೊಂದು ಲೆಕ್ಕ, ನಿಮ್ಮ ವಾಚಿಗೆ ಯಾವುದು ಒಗ್ಗುತ್ತೆ ನೀವೇ ನೋಡಿಕೊಳ್ಳಿ. ಸ್ಪೀಕರ್, ಆಯಸ್ಕಾಂತ ಇರುವ ಫೋನ್ ಕವರ್ ಹತ್ತಿರ ಬೇಡ. ಕೂದಲೆಳೆಯಂಥ ಸ್ಪ್ರಿಂಗಿಗೆ ಆಯಸ್ಕಾಂತ ಹಿಡಿದರೆ ಸುತ್ತುಗಳು ಅಂಟಿಕೊಂಡು ವಾಚು ಸಿಕ್ಕಾಪಟ್ಟೆ ಮುಂದೆ ಓಡುತ್ತದೆ.

ನನಗೆ ಈ ವಾಚು ಹಿಡಿಸಿದ್ದು ಇಲ್ಲೇ. ಬೇರೆ ವಾಚುಗಳೆಲ್ಲ ನಮಗೆ ಟೈಮ್ ಹೇಳಿ ಸುಮ್ಮನಾಗುತ್ತವೆ, ಇದಕ್ಕೆ ನಾವು ಟೈಮಿಗೆ ಸರಿಯಾಗಿ ಹಾಜರಾಗಬೇಕು. ಬೆಳಿಗ್ಗೆ ಆಕಾಶವಾಣಿ ವಾರ್ತೆ ಶುರುವಾಗುವ ಹೊತ್ತಿಗೆ ಕೀ ಕೊಟ್ಟು ಮುಳ್ಳು ಸರಿ ಮಾಡುವುದು ಈಗ ಹಲ್ಲುಜ್ಜುವಷ್ಟೇ ಖಾಯಂ. ವೇಳಾಪಟ್ಟಿ ಪ್ರೀತಿಸುವವರಿಗೆ ಪಟ್ಟಿಗೆ ಸೇರಿಸಲು ಇನ್ನೊಂದು ಸಾಲು ಸಿಕ್ಕರೆ ಎಷ್ಟು ಖುಷಿ ಅಂತ ಉಳಿದವರಿಗೆ ಅರ್ಥವಾಗುವುದು ಕಷ್ಟ. ನಿಖರವಾದ ಟೈಮೇ ಬೇಕು ಅನ್ನುವವರು ಸುಮ್ನೆ ಫೋನು ನೋಡಿಕೊಳ್ಳಿ, ಜನತಾ ಬೇಡ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ನೀಲಿ, ಹಸಿರು, ಕೆಂಪು ಅಂತ ಫಳಫಳ ಹೊಳೆಯುವ ಡಯಲ್ ಹಾಕಿ ಮಾರುತ್ತಾರಲ್ಲ, ಅದರಲ್ಲಿ ಜಾಸ್ತಿ ಮತ್ತೆ ಬಣ್ಣ ಬಳಿದದ್ದು. ಒಂದು ವಾಚಿನ ಯಂತ್ರ, ಇನ್ನೊಂದರ ಕೇಸು, ಮೂರನೆಯದರ ಮುಳ್ಳು. ಓಡುತ್ತದೆ, ಸುಳ್ಳಲ್ಲ, ಆದರೆ ಹಳೇ ವಾಚಿನ ಬೆಲೆ ಕೊಡುವಷ್ಟು ಬಾಳುವುದಿಲ್ಲ. ಅಕ್ಷರದ ಅಂಚು ಹರಡಿಕೊಂಡಿದ್ದರೆ ಬಿಟ್ಟುಬಿಡಿ. ಅದಕ್ಕಿಂತ ಮೊದಲು ಮಾವನನ್ನೋ ಚಿಕ್ಕಪ್ಪನನ್ನೋ ಒಂದು ಮಾತು ಕೇಳಿ. ಬೀರುವಿನಲ್ಲಿ ಸುಮ್ಮನೆ ಬಿದ್ದಿರುವುದನ್ನು ಸರ್ವಿಸ್ ಮಾಡಿಸಿಕೊಳ್ಳುವುದು ಎಷ್ಟೋ ಮೇಲು.

ಮಳೆಯಲ್ಲಿ ಕಟ್ಟಬೇಡಿ, ಪಾತ್ರೆ ತೊಳೆಯುವಾಗ ಬಿಚ್ಚಿಡಿ. ಹಿಗ್ಗುವ ಸ್ಟೀಲ್ ಚೈನು ಕೈಯ ಕೂದಲು ಕೀಳುತ್ತದೆ, ಚರ್ಮದ ಪಟ್ಟಿಯೇ ಸರಿ.