ವಿಜಯಪುರದ ಝೆರಾಕ್ಸ್ ಅಂಗಡಿಗಳಲ್ಲಿ ಸಿಗುವ ಐಆರ್ ನೋಟ್ಸ್: ಅಹ್ತಿಸಾರಿ ಅಧ್ಯಾಯ ಕೊಳ್ಳುವ ಮುನ್ನ

ನಾಗರಿಕ ಸೇವಾ ಪರೀಕ್ಷೆಗೆಂದು ಗಾಂಧಿ ಚೌಕದ ಸುತ್ತಮುತ್ತ ಸಿಗುವ ಅಂತಾರಾಷ್ಟ್ರೀಯ ಸಂಬಂಧಗಳ (ಐಆರ್) ಈ ಕನ್ನಡ ನೋಟ್ಸ್‌ನಲ್ಲಿ ಫಿನ್ಲೆಂಡಿನ ಶಾಂತಿ ಸಂಧಾನಕಾರ ಮಾರ್ಟಿ ಅಹ್ತಿಸಾರಿ ಅವರಿಗೇ ಆರು ಪುಟ ಮೀಸಲಿದೆ. ಕನ್ನಡ ಮಾಧ್ಯಮದವರಿಗೆ ಇಷ್ಟು ವಿವರ ಒಂದೇ ಕಡೆ ಸಿಗುವುದು ಅಪರೂಪ. ಕೊಳ್ಳಿ, ಆದರೆ ಓದುವ ಮೊದಲೇ ಮೂರು ಕಡೆ ಪೆನ್ನಿನಿಂದ ತಿದ್ದಿಕೊಳ್ಳಿ.

ಮೊದಲ ಪುಟದಲ್ಲೇ ‘ಮಾಜಿ ಪ್ರಧಾನಿ’ ಎಂದಿದೆ. ಅವರು ಪ್ರಧಾನಿಯೂ ಆಗಿರಲಿಲ್ಲ, ಸಂಸದರೂ ಆಗಿರಲಿಲ್ಲ. ಶಿಕ್ಷಕ ತರಬೇತಿ ಮುಗಿಸಿ, 1965ರಲ್ಲಿ ವಿದೇಶಾಂಗ ಸಚಿವಾಲಯ ಸೇರಿ, 1973ರಲ್ಲಿ ತಾಂಜಾನಿಯಾಕ್ಕೆ ರಾಯಭಾರಿಯಾಗಿ ಹೋದವರು. 1994ರಲ್ಲಿ ಅಧ್ಯಕ್ಷರಾದರು, ಎಲೆಕ್ಟೋರಲ್ ಕಾಲೇಜಿನ ಹಂಗಿಲ್ಲದೆ ಜನರ ನೇರ ಮತದಿಂದಲೇ ಗೆದ್ದ ಫಿನ್ಲೆಂಡಿನ ಮೊದಲ ಅಧ್ಯಕ್ಷ. ಪ್ರಿಲಿಮ್ಸ್‌ನಲ್ಲಿ ‘ಸರಿಯಾದ ಹೇಳಿಕೆ ಗುರುತಿಸಿ’ ಎಂದು ಕೇಳಿದರೆ ಕೈಕೊಡುವುದು ಇಂಥ ಸಾಲೇ. ಎರಡನೆಯದು, ಇಂಡೋನೇಷ್ಯಾ ಸರ್ಕಾರಕ್ಕೂ ಅಲ್ಲಿನ ಆಚೆ (Aceh) ಪ್ರಾಂತ್ಯದ ಬಂಡುಕೋರರಿಗೂ ಅವರು ಮಾಡಿಸಿದ ಒಪ್ಪಂದಕ್ಕೆ ಸಹಿ ಬಿದ್ದದ್ದು ಜಕಾರ್ತಾದಲ್ಲಲ್ಲ, ಹೆಲ್ಸಿಂಕಿಯಲ್ಲಿ, 2005ರ ಆಗಸ್ಟ್ 15ರಂದು. ಮೂರನೆಯದು ಕೊಸೊವೊ. 1999ರಲ್ಲಿ ರಷ್ಯಾದ ಪ್ರತಿನಿಧಿ ಚೆರ್ನೊಮಿರ್ಡಿನ್ ಜೊತೆ ಹೋಗಿ, ಕೊಸೊವೊ ಯುದ್ಧ ನಿಲ್ಲಿಸುವ ಷರತ್ತುಗಳಿಗೆ ಯುಗೊಸ್ಲಾವಿಯಾದ ಅಧ್ಯಕ್ಷ ಮಿಲೊಸೆವಿಚ್ ಒಪ್ಪುವಂತೆ ಮಾಡಿದ್ದು ಬೇರೆ, 2007ರಲ್ಲಿ ಕೊಸೊವೊದ ಮುಂದಿನ ಸ್ಥಾನಮಾನದ ಬಗ್ಗೆ ವಿಶ್ವಸಂಸ್ಥೆಯ ಮುಂದಿಟ್ಟ ಯೋಜನೆ ಬೇರೆ. ನೋಟ್ಸ್ ಎರಡನ್ನೂ ಕಲಸಿಬಿಟ್ಟಿದೆ.

ಆಚೆ ಒಪ್ಪಂದದ ಭಾಗ ಮಾತ್ರ ಚೆನ್ನಾಗಿದೆ. ‘ಎಲ್ಲವೂ ಒಪ್ಪಿಗೆಯಾಗುವ ತನಕ ಯಾವುದೂ ಒಪ್ಪಿಗೆಯಾದಂತಲ್ಲ’ ಎಂಬ ಸೂತ್ರವನ್ನೂ, ಬಂಡುಕೋರರು ಸ್ವಾತಂತ್ರ್ಯದ ಪಟ್ಟು ಬಿಟ್ಟು ಸ್ವಯಮಾಡಳಿತಕ್ಕೆ ಬಂದದ್ದನ್ನೂ ಬಿಡಿಸಿ ಹೇಳಿದ್ದಾರೆ.

ದೊಡ್ಡ ಕೊರತೆ ನಮೀಬಿಯಾ. ಎರಡೇ ಸಾಲು! ಅಹ್ತಿಸಾರಿಯವರ ಇಡೀ ವೃತ್ತಿಜೀವನದ ತೂಕ ಇದ್ದದ್ದೇ ಅಲ್ಲಿ, ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿಯಾಗಿ. ದಕ್ಷಿಣ ಆಫ್ರಿಕಾದ ಹಿಡಿತದಲ್ಲಿದ್ದ ನಮೀಬಿಯಾಕ್ಕೆ ಚುನಾವಣೆ ನಡೆಸಿ ಸ್ವಾತಂತ್ರ್ಯ ಕೊಡಿಸುವ ಭದ್ರತಾ ಮಂಡಳಿಯ 435ನೇ ನಿರ್ಣಯ ಬಂದದ್ದು 1978ರಲ್ಲಿ, ಜಾರಿ ಶುರುವಾದದ್ದು 1989ರ ಏಪ್ರಿಲ್ 1ರಂದು. ನಡುವೆ ಹತ್ತು ವರ್ಷ ಹೋದದ್ದೇಕೆ? ಅಂಗೋಲಾದಿಂದ ಕ್ಯೂಬಾದ ಸೈನ್ಯ ಹೊರಡಲಿ ಎಂದು ದಕ್ಷಿಣ ಆಫ್ರಿಕಾ ಹಟ ಹಿಡಿದಿತ್ತು. ಜಾರಿಯಾದ ಮೊದಲ ದಿನವೇ ಉತ್ತರದ ಗಡಿಯಲ್ಲಿ ನಮೀಬಿಯಾದ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಸ್ವಾಪೊ ಸಂಘಟನೆಯ ಹೋರಾಟಗಾರರು ಕಾಣಿಸಿಕೊಂಡರು. ವಿಶ್ವಸಂಸ್ಥೆಯ ಪಡೆ ಇನ್ನೂ ಪೂರ್ತಿ ಬಂದಿರಲಿಲ್ಲ. ದಕ್ಷಿಣ ಆಫ್ರಿಕಾದ ತುಕಡಿಗಳು ಶಿಬಿರ ಬಿಟ್ಟು ಹೊರಬರಲು ಅಹ್ತಿಸಾರಿ ಒಪ್ಪಿದರು, ನೂರಾರು ಜನ ಸತ್ತರು. ಅವರ ಮೇಲಿನ ಅತಿ ಗಂಭೀರ ಟೀಕೆ ಇದೇ, ಮೇನ್ಸ್ ಉತ್ತರದಲ್ಲಿ ಬಿಡಬಾರದು. ವಿಶ್ವಸಂಸ್ಥೆಯ ಪಡೆಯ ಕಮಾಂಡರ್ ನಮ್ಮ ಭಾರತದ ಲೆಫ್ಟಿನೆಂಟ್ ಜನರಲ್ ದಿವಾನ್ ಪ್ರೇಮ್ ಚಂದ್. ಆ ಹೆಸರೂ ನೋಟ್ಸ್‌ನಲ್ಲಿಲ್ಲ. ನವೆಂಬರ್‌ನಲ್ಲಿ ಸಂವಿಧಾನ ಸಭೆಗೆ ನಡೆದ ಚುನಾವಣೆಯಲ್ಲಿ ಸ್ವಾಪೊಗೆ 72ರಲ್ಲಿ 41 ಸ್ಥಾನ ಬಂತು. ಸಂವಿಧಾನಕ್ಕೆ ಮೂರನೇ ಎರಡರಷ್ಟು, ಅಂದರೆ 48 ಮತ ಬೇಕಿದ್ದರಿಂದ ಉಳಿದ ಪಕ್ಷಗಳನ್ನು ಜೊತೆಗೆ ಕರೆದೊಯ್ಯಲೇಬೇಕಾಯಿತು. 1990ರ ಮಾರ್ಚ್ 21ಕ್ಕೆ ಸ್ವಾತಂತ್ರ್ಯ.

ಹತ್ತು ಅಂಕದ ಪ್ರಶ್ನೆಯ 150 ಪದಗಳಲ್ಲಿ ಅರ್ಧದಷ್ಟು ನಮೀಬಿಯಾಕ್ಕೇ ಇಡಿ. 2008ರ ನೊಬೆಲ್‌ಗೆ ಒಂದು ಸಾಲು ಸಾಕು.

ಹಾಳೆ ತೆಳು, ಎರಡೂ ಬದಿ ಮುದ್ರಣ, ಹೈಲೈಟರ್ ಹಾಕಿದರೆ ಹಿಂಬದಿಗೆ ಇಳಿಯುತ್ತದೆ. 75 ಜಿಎಸ್ಎಂ ಹಾಳೆಯಲ್ಲೇ ತೆಗೆದುಕೊಡಲು ಹೇಳಿ. ಸ್ಪೈರಲ್ ಬೈಂಡಿಂಗ್ ಹಾಕುವಾಗ ನಮೀಬಿಯಾ ಪುಟದ ಪಕ್ಕ ಎರಡು ಖಾಲಿ ಹಾಳೆ ಇಡಿಸಿಕೊಳ್ಳಿ, ಬಿಟ್ಟುಹೋದದ್ದನ್ನು ಅಲ್ಲೇ ಬರೆದುಕೊಳ್ಳಬಹುದು.