ಒಂದೇ ಹೆಸರು, ಬೇರೆ ಬೇರೆ ರೆಕಾರ್ಡು: 'ಎ ಹಾರ್ಡ್ ಡೇಸ್ ನೈಟ್' ಯಾವುದನ್ನು ಕೇಳಬೇಕು?

ಬ್ರಿಟನ್ನಿನ ಬೀಟಲ್ಸ್ ಬ್ಯಾಂಡಿನ ಹುಚ್ಚಿನವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಬೀಟಲ್ಸೇ ನಟಿಸಿದ 1964ರ 'ಎ ಹಾರ್ಡ್ ಡೇಸ್ ನೈಟ್' ಸಿನಿಮಾದ ಆಲ್ಬಮ್ ಅಂದರೆ ಯಾವುದು? ಬ್ರಿಟನ್ನಿನಲ್ಲಿ ಪಾರ್ಲೋಫೋನ್ ಕಂಪನಿ ತಂದದ್ದೋ, ಅಮೆರಿಕದಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ತಂದದ್ದೋ? ಹೆಸರು ಒಂದೇ, ಒಳಗಿರುವ ಹಾಡುಗಳು ಬೇರೆ. ಬ್ರಿಟಿಷ್ ಆಲ್ಬಮ್ಮಿನಲ್ಲೂ ಮೋನೋ (ಎಲ್ಲ ದನಿ ಒಂದರಲ್ಲೇ ಸೇರಿದ್ದು) ಒಂದು, ಸ್ಟೀರಿಯೋ (ಎಡಕ್ಕೂ ಬಲಕ್ಕೂ ಹಂಚಿದ್ದು) ಒಂದು. ಎಲ್ಲವನ್ನೂ ನಾನು ಬಹಳ ಕಾಲದಿಂದ ಕೇಳುತ್ತಾ ಬಂದಿದ್ದೇನೆ. ಇತ್ತೀಚೆಗೆ ಪಕ್ಕಪಕ್ಕ ಇಟ್ಟುಕೊಂಡು, ಒಂದೊಂದೇ ಹಾಡನ್ನು ಇದರಲ್ಲೊಮ್ಮೆ ಅದರಲ್ಲೊಮ್ಮೆ ಹಾಕಿ, ಪುರುಸೊತ್ತಾಗಿ ಕೇಳಿದೆ. ಈಗ ನನಗೆ ಒಂದು ಗಟ್ಟಿ ಅಭಿಪ್ರಾಯ ಇದೆ.

ಮೊದಲು ಅಮೆರಿಕದ್ದು. ಇದು ಬಂದದ್ದು 1964ರ ಜೂನ್ 26ಕ್ಕೆ. ಲಂಡನ್ನಿನಲ್ಲಿ ಸಿನಿಮಾದ ಮೊದಲ ಪ್ರದರ್ಶನ ಆದದ್ದು ಜುಲೈ 6ಕ್ಕೆ. ಅಂದರೆ ಸಿನಿಮಾಗಿಂತ ರೆಕಾರ್ಡೇ ಮುಂದೆ! ಇದಕ್ಕೆ ಕಾರಣ ಇದೆ. ಅಮೆರಿಕದಲ್ಲಿ ಬೀಟಲ್ಸ್ ರೆಕಾರ್ಡುಗಳನ್ನು ಮಾರುತ್ತಿದ್ದದ್ದು ಕ್ಯಾಪಿಟಲ್ ಕಂಪನಿ. ಆದರೆ ಸಿನಿಮಾದ ಸೌಂಡ್‌ಟ್ರ್ಯಾಕ್ ಹಕ್ಕು ಸಿನಿಮಾ ಮಾಡಿಸಿದ ಯುನೈಟೆಡ್ ಆರ್ಟಿಸ್ಟ್ಸ್ ಕೈಯಲ್ಲಿತ್ತು. ಕಡಿಮೆ ಖರ್ಚಿನಲ್ಲಿ, ಕಪ್ಪುಬಿಳುಪಿನಲ್ಲಿ ಒಂದು ಸಿನಿಮಾ ಮಾಡಿಸುವುದು, ರೆಕಾರ್ಡಿನಲ್ಲಿ ದುಡ್ಡು ಎತ್ತುವುದು, ಇದು ಅವರ ಲೆಕ್ಕ. ಆ ಸಿನಿಮಾವನ್ನು ನಿರ್ದೇಶಕ ರಿಚರ್ಡ್ ಲೆಸ್ಟರ್ ಇಷ್ಟು ಚೆಂದ ಮಾಡುತ್ತಾರೆ ಅಂತ ಅವರೂ ಅಂದುಕೊಂಡಿರಲಿಕ್ಕಿಲ್ಲ.

ಅಮೆರಿಕದ ಈ ಎಲ್‌ಪಿಯಲ್ಲಿ ಬೀಟಲ್ಸ್ ಹಾಡಿರುವುದು ಬರೀ ಎಂಟು ಹಾಡು. ಸಿನಿಮಾದ ಏಳು ಹೊಸ ಹಾಡು, ಜೊತೆಗೆ 'ಐಲ್ ಕ್ರೈ ಇನ್‌ಸ್ಟೆಡ್'. ಈ ಹಾಡು ಸಿನಿಮಾದ ಮೈದಾನದ ದೃಶ್ಯಕ್ಕೆ ಅಂತ ಇತ್ತು. ಲೆಸ್ಟರ್ ಅದನ್ನು ಬಿಟ್ಟು ಅಲ್ಲಿಗೆ 'ಕಾಂಟ್ ಬೈ ಮಿ ಲವ್' ಹಾಕಿದರು. ಉಳಿದ ನಾಲ್ಕು ಟ್ರ್ಯಾಕ್ ಬೀಟಲ್ಸ್ ರೆಕಾರ್ಡುಗಳ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಆರ್ಕೆಸ್ಟ್ರಾ. ಬೀಟಲ್ಸ್ ಹಾಡುಗಳ ಟ್ಯೂನು, ಮಾತಿಲ್ಲದೆ. ಅಭಿಮಾನಿಗಳಲ್ಲಿ ಬಹಳ ಜನ ಈ ನಾಲ್ಕನ್ನು ಸುಮ್ನೆ ಜಾಗ ತುಂಬಿಸಲು ಹಾಕಿದ್ದು ಅನ್ನುತ್ತಾರೆ. ಮೂರರ ವಿಷಯದಲ್ಲಿ ನಾನೂ ಒಪ್ಪುತ್ತೇನೆ. 'ಟೆಲ್ ಮಿ ವೈ' ಓಡಿಬಂದು ಬಿಸಿ ಏರಿಸುತ್ತದೆ. ಇನ್ನೊಂದು ಹಾಡು ಆಗುವಷ್ಟರಲ್ಲಿ ಪಿಟೀಲುಗಳು ಬಂದು ಎಲ್ಲ ತಣ್ಣಗಾಗಿಬಿಡುತ್ತದೆ.

ಆದರೆ ನಾಲ್ಕನೆಯದನ್ನು ನಾನು ಬಿಟ್ಟುಕೊಡುವುದಿಲ್ಲ. ಅದು 'ರಿಂಗೋಸ್ ಥೀಮ್', 'ದಿಸ್ ಬಾಯ್' ಹಾಡಿನ ಟ್ಯೂನು. ಸಿನಿಮಾದಲ್ಲಿ ಬ್ಯಾಂಡಿನ ಡ್ರಮ್ಮರ್ ರಿಂಗೋ ಉಳಿದ ಮೂವರನ್ನು ಬಿಟ್ಟು, ಕ್ಯಾಮೆರಾ ಹಿಡಿದು, ಥೇಮ್ಸ್ ದಂಡೆಯಲ್ಲಿ ಒಬ್ಬನೇ ಅಲೆಯುತ್ತಾನಲ್ಲ, ಆಗ ಬರುವುದು ಇದೇ. ಗಿಟಾರ್ ನುಡಿಸಿದವರು ವಿಕ್ ಫ್ಲಿಕ್, ಜೇಮ್ಸ್ ಬಾಂಡ್ ಥೀಮಿನ ಆ ಗಿಟಾರ್ ನುಡಿಸಿದವರೇ. ಅವರು ಒಂದೊಂದೇ ಸ್ವರ ಎಳೆದು ಬಿಡುವಾಗ ರಿಂಗೋನ ಆ ಜೋಲುಮುಖ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಸಿನಿಮಾ ಪ್ರೀತಿಸುವವರಿಗೆ ಈ ಎರಡು ಮೂರು ನಿಮಿಷ ಬೇಕೇ ಬೇಕು. ಬ್ರಿಟಿಷ್ ಆಲ್ಬಮ್ಮಿನಲ್ಲಿ ಇದು ಇಲ್ಲ.

ಇನ್ನು ಬ್ರಿಟಿಷ್ ಆಲ್ಬಮ್. ಬಂದದ್ದು 1964ರ ಜುಲೈ 10ಕ್ಕೆ. 13 ಹಾಡು, ಸುಮಾರು ಅರ್ಧ ಗಂಟೆ. ಹದಿಮೂರೂ ಬ್ಯಾಂಡಿನ ಜಾನ್ ಲೆನನ್–ಪಾಲ್ ಮೆಕಾರ್ಟ್ನಿ ಬರೆದದ್ದು. ಬೇರೆಯವರ ಒಂದು ಹಾಡೂ ಇಲ್ಲದೆ, ಇವರಿಬ್ಬರದ್ದೇ ಹಾಡುಗಳಿರುವ ಬೀಟಲ್ಸ್ ಆಲ್ಬಮ್ ಇದೊಂದೇ. ಮೊದಲ ಸೈಡಿನಲ್ಲಿ ಸಿನಿಮಾದ ಏಳು ಹಾಡು. ಎರಡನೇ ಸೈಡಿನ ಆರು ಹಾಡು ಸಿನಿಮಾದಲ್ಲಿ ಕೇಳಿಸುವುದೇ ಇಲ್ಲ.

ನನ್ನ ಮಟ್ಟಿಗೆ ಇಡೀ ಹೋಲಿಕೆ ತೀರ್ಮಾನ ಆಗುವುದು ಈ ಎರಡನೇ ಸೈಡಿನಲ್ಲಿ. 'ಎನಿ ಟೈಮ್ ಅಟ್ ಆಲ್' ಡ್ರಮ್ಮಿನ ಒಂದು ಏಟಿನಿಂದ ಶುರು. ಲೆನನ್ ಗಂಟಲು ಕಿತ್ತುಹೋಗುವ ಹಾಗೆ ಹಾಡುತ್ತಾನೆ. 'ಥಿಂಗ್ಸ್ ವಿ ಸೆಡ್ ಟುಡೇ'ಯಲ್ಲಿ ಮೆಕಾರ್ಟ್ನಿ ಪ್ರೀತಿಯ ಹಾಡನ್ನೇ ಹಾಡುತ್ತಿದ್ದರೂ ಅದರ ತುಂಬ ಏನೋ ಕಳವಳ. ಕೊನೆಯ 'ಐಲ್ ಬಿ ಬ್ಯಾಕ್' ಇನ್ನೂ ವಿಚಿತ್ರ. ಒಂದು ಗಳಿಗೆ ದುಃಖ, ಒಂದು ಗಳಿಗೆ ಸಮಾಧಾನ, ಯಾವುದರಲ್ಲೂ ನಿಲ್ಲದೆ ಹಾಗೇ ಕರಗಿಹೋಗುತ್ತದೆ. ಸಿನಿಮಾದಲ್ಲಿ ಓಡಿ, ಕುಣಿದು, ನಗಿಸುವ ಆ ಹುಡುಗರು ಒಳಗೊಳಗೇ ಎಷ್ಟು ಬೆಳೆದಿದ್ದರು ಅನ್ನೋದು ಇಲ್ಲಿ ಗೊತ್ತಾಗುತ್ತದೆ. ಅಮೆರಿಕದ ಎಲ್‌ಪಿ ಮಾತ್ರ ಕೊಂಡವರಿಗೆ ಇದು ಸಿಗಲೇ ಇಲ್ಲ. ಆ ಹಾಡುಗಳು ಕ್ಯಾಪಿಟಲ್‌ನವರ ಬೇರೆ ಆಲ್ಬಮ್ಮುಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಂದವು. ಆ ಕಾಲದ ಅಮೆರಿಕದ ಅಭಿಮಾನಿಗಳನ್ನು ನೆನೆದರೆ ಅಯ್ಯೋ ಅನ್ನಿಸುತ್ತದೆ.

ಸರಿ, ಬ್ರಿಟಿಷ್ ಆಲ್ಬಮ್ಮೇ ಅಂತಾಯ್ತು. ಮೋನೋ ಕೇಳಬೇಕೋ, ಸ್ಟೀರಿಯೋ ಕೇಳಬೇಕೋ?

ಶೀರ್ಷಿಕೆ ಹಾಡಿನ ಆ ಮೊದಲ ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವುದು) ತಗೊಳ್ಳಿ. 1964ರ ಏಪ್ರಿಲ್ 16ರಂದು ಲಂಡನ್ನಿನ ಆಬಿ ರೋಡಿನ ಸ್ಟುಡಿಯೋದಲ್ಲಿ ಮುದ್ರಿಸಿದ್ದು. ಬ್ಯಾಂಡಿನ ಜಾರ್ಜ್ ಹ್ಯಾರಿಸನ್‌ನ 12 ತಂತಿಯ ರಿಕನ್‌ಬ್ಯಾಕರ್ ಗಿಟಾರ್, ಲೆನನ್‌ನ ಗಿಟಾರ್, ಮೆಕಾರ್ಟ್ನಿಯ ಬೇಸ್, ಜಾರ್ಜ್ ಮಾರ್ಟಿನ್ ಪಿಯಾನೋ, ಎಲ್ಲ ಒಟ್ಟಿಗೆ. ಮೋನೋದಲ್ಲಿ ಇದು ಒಂದೇ ಏಟಿಗೆ ಎದೆಗೆ ಬಡಿಯುತ್ತದೆ. ಯಾವುದು ಗಿಟಾರ್, ಯಾವುದು ಪಿಯಾನೋ ಅಂತ ಬಿಡಿಸಲು ಆಗುವುದಿಲ್ಲ, ಬಿಡಿಸಬೇಕು ಅಂತಲೂ ಅನ್ನಿಸುವುದಿಲ್ಲ. ಸ್ಟೀರಿಯೋದಲ್ಲಿ ಅದೇ ಕಾರ್ಡ್ ಎರಡೂ ಕಡೆಗೆ ಹರಡಿಕೊಂಡು ಸ್ವಲ್ಪ ತೆಳುವಾಗುತ್ತದೆ. ಆದರೆ ಕೊನೆಯಲ್ಲಿ 12 ತಂತಿಯ ಗಿಟಾರ್ ಒಂದೊಂದೇ ಸ್ವರವಾಗಿ ಗಂಟೆಯ ಹಾಗೆ ಮೊಳಗುವ ಜಾಗ ಇದೆಯಲ್ಲ, ಅಲ್ಲಿ ಸ್ಟೀರಿಯೋ ಒಂದು ಕೈ ಮೇಲು. ಈ ಸಿನಿಮಾ ನೋಡಿ ರೋಜರ್ ಮೆಗ್ವಿನ್ ಅಂಥದ್ದೇ ಗಿಟಾರ್ ಕೊಂಡರು, ಅದೇ ಮುಂದೆ ಬರ್ಡ್ಸ್ ಬ್ಯಾಂಡಿನ ದನಿಯಾಯಿತು. ಆ ದನಿಯನ್ನು ಹತ್ತಿರದಿಂದ ಕೇಳಬೇಕಿದ್ದರೆ ಸ್ಟೀರಿಯೋ ಹಾಕಿ, ಹೆಡ್‌ಫೋನ್ ಹಚ್ಚಿ.

'ಇಫ್ ಐ ಫೆಲ್' ಇನ್ನೂ ಮಜಾ. ಸ್ಟೀರಿಯೋದಲ್ಲಿ ಶುರುವಿನ ಸಾಲುಗಳನ್ನು ಲೆನನ್ ದನಿಯ ಮೇಲೆ ಲೆನನ್ ದನಿ ಸೇರಿಸಿ ದಪ್ಪ ಮಾಡಿದ್ದಾರೆ. ಮೋನೋದಲ್ಲಿ ಒಂದೇ ದನಿ. ಆ ಹಾಡಿನ ಅಳುಕು, ಸಂಕೋಚ ಎಲ್ಲ ಆ ಒಂಟಿ ದನಿಯಲ್ಲೇ ಚೆನ್ನಾಗಿ ನಿಲ್ಲುತ್ತದೆ. ಮುಂದೆ ಒಂದು ಕಡೆ ಮೆಕಾರ್ಟ್ನಿ ಮೇಲಿನ ಸ್ವರಕ್ಕೆ ಹೋಗಿ ದನಿ ಒಡೆಯುತ್ತದೆ, ಸ್ಟೀರಿಯೋದಲ್ಲಿ ಮಾತ್ರ. ಕೆಲವರಿಗೆ ಅದು ತಪ್ಪು. ನನಗೆ ಅದು ಬಹಳ ಇಷ್ಟ. ಎರಡೂ ಬೇಕು ಅನ್ನಿಸುವ ಹಾಡು ಇದೊಂದೇ.

ಇನ್ನು 'ಆಂಡ್ ಐ ಲವ್ ಹರ್'. ಹ್ಯಾರಿಸನ್‌ನ ನೈಲಾನ್ ತಂತಿಯ ಗಿಟಾರ್ ಪಕ್ಕದಲ್ಲಿ ಮೆಕಾರ್ಟ್ನಿ ದನಿ ಮೋನೋದಲ್ಲೇ ಚೆಂದ, ಅನುಮಾನವೇ ಇಲ್ಲ. 'ಐ ಶುಡ್ ಹ್ಯಾವ್ ನೋನ್ ಬೆಟರ್' ಶುರುವಿನಲ್ಲಂತೂ ಸ್ಟೀರಿಯೋದಲ್ಲಿ ಮೌತ್ ಆರ್ಗನ್ ಒಂದು ಕ್ಷಣ ಮಾಯವಾಗುತ್ತದೆ. ಒಮ್ಮೆ ಗಮನಿಸಿದರೆ ಮುಗೀತು, ಆಮೇಲೆ ಪ್ರತಿ ಸಲವೂ ಕಿವಿ ಅಲ್ಲಿಗೇ ಹೋಗುತ್ತದೆ. ಆಗ ಬ್ರಿಟನ್ನಿನ ಬಹುತೇಕ ಮನೆಗಳಲ್ಲಿ ಇದ್ದದ್ದು ಮೋನೋ ಪ್ಲೇಯರು. ಅದಕ್ಕೇ ಸ್ಟುಡಿಯೋದವರ ಜಾಸ್ತಿ ಗಮನವೂ ಮೋನೋ ಮೇಲೆ.

ಹಾಗಾಗಿ ನನ್ನ ಆಯ್ಕೆ ಬ್ರಿಟಿಷ್ ಮೋನೋ. ಎರಡನೆಯದು ಬ್ರಿಟಿಷ್ ಸ್ಟೀರಿಯೋ. ಅಮೆರಿಕದ್ದು ಸಿನಿಮಾವನ್ನು ಮತ್ತೆ ಮತ್ತೆ ನೋಡುವವರಿಗೆ.

ಕೊಳ್ಳುವವರು ಒಂದಿಷ್ಟು ಗಮನಿಸಿ. 1987ರ ಹಳೆ ಸಿಡಿ ಮೋನೋ. 2009ರಲ್ಲಿ ಬಿಡಿಯಾಗಿ ಬಂದ ಸಿಡಿ ಸ್ಟೀರಿಯೋ. ಮೋನೋ ಸಿಡಿ ಆಗ ಬಾಕ್ಸ್ ಸೆಟ್ಟಿನಲ್ಲಿ ಮಾತ್ರ ಇತ್ತು. ಹಳೆ ಸಿಡಿ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕಂಡರೆ ಬಿಡಬೇಡಿ. ಎಲ್‌ಪಿ ಬೇಕಿದ್ದರೆ 2014ರಲ್ಲಿ ಮೂಲ ಟೇಪುಗಳಿಂದಲೇ ಕೆತ್ತಿದ ಮೋನೋ ಎಲ್‌ಪಿ ಹುಡುಕಿ. ಅಮೆರಿಕದ ಹಳೆ ಎಲ್‌ಪಿ ಸಿಕ್ಕರೆ, ಕವರಿನ ಮೇಲೆ ಸ್ಟೀರಿಯೋ ಅಂತ ಇದೆ ಅಂದುಕೊಂಡು ಜಾಸ್ತಿ ದುಡ್ಡು ಕೊಡಬೇಡಿ. ಅದರಲ್ಲಿ ಆರ್ಕೆಸ್ಟ್ರಾ ಟ್ರ್ಯಾಕುಗಳು ಮಾತ್ರ ನಿಜವಾದ ಸ್ಟೀರಿಯೋ. ಬೀಟಲ್ಸ್ ಹಾಡಿದ್ದೆಲ್ಲ ಮೋನೋದಿಂದಲೇ ಮಾಡಿದ್ದು.