ಸಾವಯವ ಬೆಲ್ಲ ಅಂತ ದುಪ್ಪಟ್ಟು ದುಡ್ಡು ಕಿತ್ತರು, ಹುಷಾರಾಗಿರಿ

ಬಾಗಲಕೋಟೆ ಕಡೆಯವರು, ಆನ್‌ಲೈನ್‌ನಲ್ಲಿ ಸಾವಯವ ಬೆಲ್ಲ ತರಿಸುವವರು ದಯವಿಟ್ಟು ಓದಿ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಪಂಚಮಿ ಉಂಡಿಗೆ ಬೆಲ್ಲ ಬೇಕಿತ್ತು. ಮಹಾಲಿಂಗಪುರದ ಬೆಲ್ಲ ನಮಗೇನು ಹೊಸದಲ್ಲ, ಸಂತೆಯಲ್ಲೇ ಪೆಂಟಿ ಸಿಗುತ್ತದೆ. ಆದರೂ ಈ ಕಂಪನಿಯಿಂದ ತರಿಸಿದ್ದು ಅವರ ಮಾತು ಕೇಳಿ. ರಾಸಾಯನಿಕ ಇಲ್ಲದ ಕಬ್ಬು, ಹೈಡ್ರೋಸ್ (ಬೆಲ್ಲದ ಬಣ್ಣ ತಿಳಿ ಮಾಡೋ ರಾಸಾಯನಿಕ) ಹಾಕದ ಬೆಲ್ಲ, ರೈತರಿಗೆ ಜಾಸ್ತಿ ದರ. ಬಾಕಿ ಬಿಲ್ಲಿಗಾಗಿ ಕಬ್ಬಿನವರು ರಸ್ತೆಗಿಳಿಯುವುದನ್ನು ನೋಡುತ್ತಲೇ ಬೆಳೆದವರು ನಾವು. ರೈತನ ಕೈಗೆ ನಾಲ್ಕು ಕಾಸು ಹೆಚ್ಚಿಗೆ ಹೋಗುತ್ತದೆ ಅಂದರೆ ಎರಡು ಪಟ್ಟು ಕೊಡೋಕೂ ಬೇಜಾರಿಲ್ಲ. ಅತ್ತಿಗೆಗೂ ಪಕ್ಕದ ಮನೆಯವರಿಗೂ ಹೇಳಿ ತರಿಸಿದೆ. ಈಗ ಅವರಿಗೆ ಮುಖ ತೋರಿಸೋಕೆ ನಾಚಿಕೆ.

ಬಂದ ಪೆಂಟಿ ಅರಿಶಿನದ ಹಾಗೆ ಹಳದಿ. ಹೈಡ್ರೋಸ್ ಹಾಕದ ಬೆಲ್ಲ ಸಾಮಾನ್ಯವಾಗಿ ಕಂದು ಇರುತ್ತದೆ ಅಲ್ವಾ? ಪ್ಯಾಕೆಟ್ ತಿರುಗಿಸಿ ನೋಡಿದೆ. ಸಾವಯವ ಆಹಾರಕ್ಕಿರುವ ಸರ್ಕಾರಿ ಗುರುತು ಜೈವಿಕ್ ಭಾರತ್, ಅದು ಇಲ್ಲ. ಹಸಿರು ಎಲೆಯ ಲೇಬಲ್ ಒಂದು ಮೂಲೆಯಲ್ಲಿ ಎದ್ದಿತ್ತು. ಎಳೆದೆ. ಕೆಳಗೆ ಇನ್ನೊಂದು ಲೇಬಲ್! ಮಾರ್ಕೆಟ್ಟಿನ ಯಾವುದೋ ಬೆಲ್ಲದ ಅಂಗಡಿಯದು. ಅದರಲ್ಲಿ ಸಾವಯವ ಅನ್ನೋ ಮಾತೇ ಇಲ್ಲ. ಅದರ ಮೇಲೇ ಅಂಟಿಸಿ ಮಾರಿದ್ದಾರೆ. ಮೇಲೇ ಅಂಟಿಸಿ! ಅತ್ತಿಗೆಯ ಪ್ಯಾಕೆಟ್ಟೂ ಹಾಗೇ.

ಫೋನ್ ಹಚ್ಚಿದೆ. "ಹಳೆ ಕವರ್ ಮರುಬಳಕೆ ಮಾಡಿದ್ದೀವಿ ಮೇಡಂ, ಅದೂ ಪರಿಸರ ಕಾಳಜಿನೇ" ಅಂದರು. ಸೀಲ್ ಒಡೆಯದ ಕವರಿನೊಳಗೆ ಬೇರೆ ಬೆಲ್ಲ ಹೇಗೆ ಹೋಯಿತು? ಉತ್ತರ ಇಲ್ಲ. ಪ್ರಮಾಣಪತ್ರ ಕಳಿಸಿ ಅಂದೆ. "ಸಾವಯವ ಅನ್ನೋದು ನಮ್ಮ ಭಾವನೆ ಮೇಡಂ, ಕಾಗದ ಆಮೇಲೆ ಬರುತ್ತೆ." ಯಾವ ಊರಿನ ರೈತರು? "ಅದು ಗೌಪ್ಯ." ಕೊನೆಗೆ, "ಎರಡು ಪೆಂಟಿ ಫ್ರೀ ಕಳಿಸ್ತೀವಿ, ರಿವ್ಯೂ ತೆಗೆದುಬಿಡಿ." ಭಾವನೆಯಂತೆ! ನಾನು ದುಡ್ಡು ಕೊಟ್ಟಿದ್ದು ಬೆಲ್ಲಕ್ಕೆ, ಆ ರೈತರಿಗೆ.

ಹೈಡ್ರೋಸ್ ಮುಟ್ಟದೆ, ಬೆಂಡೆಯ ಲೋಳೆ ಹಾಕಿ ಕಬ್ಬಿನ ರಸದ ಕೊಳೆ ತೆಗೆಯುವ ಗಾಣದವರು ನಿಜವಾಗಿಯೂ ಇದ್ದಾರೆ. ಕಪ್ಪಗಿದೆ ಅಂತ ಸಂತೆಯಲ್ಲಿ ಅವರ ಬೆಲ್ಲವನ್ನು ಜನ ಬಿಟ್ಟು ಹೋಗ್ತಾರೆ, ಇಂಥವರು ಅವರ ಹೆಸರಲ್ಲಿ ದುಡ್ಡು ಮಾಡ್ತಾರೆ. ನನ್ನ ಹೊಟ್ಟೆ ಉರಿಯೋದು ಇದಕ್ಕೇ. ನಾಳೆ ನಿಜವಾದವರು ಬಂದು ಹೇಳಿದರೂ ಅತ್ತಿಗೆ ನಂಬಲ್ಲ.

ಕಂಪನಿ ಪ್ಯಾಕೆಟ್ಟಿನ ಮೇಲೆ ಸಾವಯವ ಅಂತಿದ್ದರೆ ಮೊದಲು ಜೈವಿಕ್ ಭಾರತ್‌ನಂಥ ಸರ್ಕಾರಿ ಗುರುತು ಹುಡುಕಿ. ಪುರಾವೆ ಇಲ್ಲದೆ ಪರಿಸರದ ಹೆಸರು ಹೇಳಿ ಮಾರಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರಲ್ಲೇ ಮಾರ್ಗಸೂಚಿ ತಂದಿದೆ, ಧೈರ್ಯವಾಗಿ ಕೇಳಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಎರಡೂ ಲೇಬಲ್ ಇಟ್ಟುಕೊಂಡಿದ್ದೇನೆ. ದುಡ್ಡು ವಾಪಸ್ ಬಂದರೂ ರಿವ್ಯೂ ತೆಗೆಯಲ್ಲ.